ಖಾಲಿ ಡಬ್ಬಿ ತರಬೇಡ ಅಂದ ಅಕ್ಕೋರು

ಅಕ್ಕೋರು ತೀರಿಕೊಂಡ ಮರುದಿನ ಹೊನ್ನಾವರದ ಬಸ್‌ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸ್ ಎದ್ದಿತು. 'ನಡೆದಾಡುವ ಹಾಡಿನ ಭಂಡಾರ ಇನ್ನಿಲ್ಲ' ಎಂದು ಅದರಲ್ಲಿ ದೊಡ್ಡದಾಗಿ ಬರೆದಿತ್ತು. ಕೆಳಗೆ ದುಃಖಪಟ್ಟವರ ಹದಿನೇಳು ಫೋಟೋಗಳು. ಮೇಲಿನ ಮೂಲೆಯಲ್ಲಿ ಅಕ್ಕೋರದೂ ಒಂದಿತ್ತು, ಅದೂ ಯಾವುದೋ ಸನ್ಮಾನದಲ್ಲಿ ಯಾರದೋ ಹೆಗಲಿನ ಹಿಂದಿನಿಂದ ಕತ್ತರಿಸಿ ತೆಗೆದದ್ದು. ಅಂಗಡಿಯ ಶಟರ್ ಎತ್ತುತ್ತ ಅದನ್ನು ಓದಿದೆ, ನಗು ಬಂತು. ಸತ್ತವರ ಫ್ಲೆಕ್ಸ್ ನೋಡಿ ನಗಬಾರದು ಅನ್ನುವುದು ನನಗೂ ಗೊತ್ತು. ಆದರೆ ಏನು ಮಾಡಲಿ ಹೇಳಿ? ಆ ಭಂಡಾರಕ್ಕೆ ಒಂದು ಹಾಡೂ ಪೂರ್ತಿ ಬರುತ್ತಿರಲಿಲ್ಲ ಅನ್ನುವ ಸಂಗತಿ ಈ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆ ಭಂಡಾರವನ್ನು ಖಾಲಿ ಮಾಡಿದವನೂ ನಾನೇ.

ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಕಡಲಿನ ಉಪ್ಪುಗಾಳಿಯೇ ನನ್ನ ಅನ್ನದಾತ. ಯಾವ ಸಿಪಿಯು ತೆಗೆದರೂ ಒಳಗೆ ತುಕ್ಕು, ಜೇಡ, ಹಲ್ಲಿಮೊಟ್ಟೆ ಇದ್ದದ್ದೇ. ನನ್ನ ಗಿರಾಕಿಗಳಲ್ಲಿ ಎರಡು ಜಾತಿ: 'ನಾನೇನೂ ಮಾಡಿಲ್ಲ, ತನ್ನಷ್ಟಕ್ಕೇ ಹಾಳಾತು' ಅನ್ನುವವರು, 'ನನ್ನ ಅಳಿಯ ಸ್ವಲ್ಪ ಮುಟ್ಟಿದ್ದ' ಅನ್ನುವವರು. ಅಕ್ಕೋರು, ನಮ್ಮ ಕಡೆ ಟೀಚರಮ್ಮನಿಗೆ ಹಾಗನ್ನುವುದು, ಎರಡಕ್ಕೂ ಸೇರಿದವರಲ್ಲ. ಭಟ್ಕಳದ ಮುಟ್ಟಳ್ಳಿಯ ಕಡೆ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ, ನಿವೃತ್ತರಾಗಿ ಹೊನ್ನಾವರದಲ್ಲಿ ಒಬ್ಬರೇ ಇದ್ದರು. ಮೊದಲ ಸಲ ಅಂಗಡಿಗೆ ಬಂದಾಗ ಒಳಗೆ ನಾಲ್ಕೈದು ಜನ ಗುಂಪುಗಟ್ಟಿ ನಿಂತಿದ್ದರು. ಅಕ್ಕೋರು ಅವರನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು, ಗಿಡ್ಡಗಿದ್ದವರು ಮುಂದೆ. ಅವರಲ್ಲೊಬ್ಬ ಬ್ಯಾಂಕಿನ ಮ್ಯಾನೇಜರು. ಆ ಪುಣ್ಯಾತ್ಮನೂ ಬಾಯಿ ಬಿಡದೆ ಹಿಂದೆ ಹೋಗಿ ನಿಂತ. ಆಮೇಲೆ ಅಕ್ಕೋರು ತಾವೇ ಸಾಲಿನ ತುದಿಗೆ ಹೋಗಿ ತಮ್ಮ ಸರದಿಗೆ ಕಾದರು.

ಸರದಿ ಬಂದಾಗ ಚೀಲದಿಂದ ಒಂದು ಹಾಜರಿ ಪುಸ್ತಕ ತೆಗೆದು ನನ್ನೆದುರು ಇಟ್ಟರು.

"ತಮಾ, ಇದನ್ನ ನೋಡು."

ಶಾಲೆಯದೇ ಹಾಜರಿ ಪುಸ್ತಕ. ವಿದ್ಯಾರ್ಥಿಯ ಹೆಸರಿನ ಜಾಗದಲ್ಲಿ 'ಕಂಪ್ಯೂಟರ್' ಎಂದು ಬರೆದಿತ್ತು. ಗುಂಡಿ ಒತ್ತಿದ ವೇಳೆ, ಬಂದ ವೇಳೆ, ತಡವಾದ ನಿಮಿಷ ಅಂತ ದಿನಕ್ಕೊಂದು ಸಾಲು. ಮೊದಲ ಪುಟಗಳಲ್ಲಿ ಒಂಬತ್ತು ನಿಮಿಷ, ನಡುವಿನಲ್ಲಿ ಹದಿನಾಲ್ಕು, ಆ ವಾರ ಇಪ್ಪತ್ತಮೂರು. ಕೆಲವು ಕಡೆ ಕೆಂಪು ಶಾಯಿಯಲ್ಲಿ 'ಅರ್ಧ ದಿನ ರಜೆ' ಎಂದಿತ್ತು. ಏನಿದು ಎಂದು ಕೇಳಿದರೆ, "ನಡುವೆ ಕರೆಂಟ್ ಹೋದದ್ದು" ಅಂದರು. ಗೇರುಸೊಪ್ಪದ ಅಣೆಕಟ್ಟು ನಮಗೆ ಒಂದು ತಾಸಿನ ದಾರಿ, ಆದರೂ ಕರೆಂಟ್ ಮಾತ್ರ ನಮ್ಮೂರಿಗೆ ನಡೆದುಕೊಂಡೇ ಬರುತ್ತದೆ.

"ಇದು ವಯಸ್ಸಾಗಿದ್ದಾ, ಬುದ್ಧಿ ಕೆಟ್ಟಿದ್ದಾ? ಅಷ್ಟು ಹೇಳು ಸಾಕು" ಎಂದರು.

"ವಯಸ್ಸಾಗಿದೆ ಅಕ್ಕೋರೆ."

"ಹಂಗಾರೆ ಬೈಯೂದಿಲ್ಲ" ಎಂದು ಪುಸ್ತಕ ಮಡಚಿ ಹೋದರು.

ಆ ಕಂಪ್ಯೂಟರಿನಲ್ಲಿ ಏನಿತ್ತು ಅನ್ನುವುದನ್ನು ಹೇಳಬೇಕು. ಅಕ್ಕೋರು ಕೆಲಸಕ್ಕೆ ಸೇರಿದ ಹೊಸದರಲ್ಲೇ ಒಂದು ಟೇಪ್‌ರೆಕಾರ್ಡರ್ ತೆಗೆದುಕೊಂಡಿದ್ದರು. ಶಾಲೆ ಬಿಟ್ಟಮೇಲೆ ಅದನ್ನು ಬಗಲಿಗೆ ಹಾಕಿಕೊಂಡು ಗದ್ದೆಮನೆಗಳಿಗೆ ಹೋಗಿ ಹೆಂಗಸರ ಹಾಡು ತುಂಬಿಸಿಕೊಳ್ಳುತ್ತಿದ್ದರು. ನೆಟ್ಟಿಯ ಹಾಡು, ಬೀಸುವ ಹಾಡು, ಮದುವೆಯ ಅರಿಶಿಣ ಅರೆಯುವ ಹಾಡು. ರಜೆಯಲ್ಲಿ ಯಾಣದ ಕಡೆಯ ಹಳ್ಳಿಗಳಿಗೂ ಹೋಗಿ ಬಂದದ್ದುಂಟು. ಮಳೆಗಾಲದ ಬೂಷ್ಟು ಕ್ಯಾಸೆಟ್ಟುಗಳನ್ನು ತಿನ್ನತೊಡಗಿದಾಗ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದರು. ಇಳಿಸಿ ಮುಗಿದ ಕ್ಯಾಸೆಟ್ಟಿನ ರೀಲನ್ನೂ ಬಿಸಾಡಲಿಲ್ಲ. ಮುಟ್ಟಳ್ಳಿಯ ಗದ್ದೆಗಳ ಸುತ್ತ ಕಟ್ಟಿಸಿದರು. ಬಿಸಿಲಿಗೆ ಮಿರಿಮಿರಿ ಹೊಳೆದರೆ ಗಿಳಿಗಳು ತೆನೆಗೆ ಬರುವುದಿಲ್ಲವಂತೆ. ಹೀಗಾಗಿ ಅಕ್ಕೋರ ಬಳಿ ಹಾಡು ಉಳಿದದ್ದು ಆ ಒಂದು ಹಾರ್ಡ್ ಡಿಸ್ಕಿನಲ್ಲಿ ಮಾತ್ರ.

ಹಾಡುವವರಿಗೆ ಅಕ್ಕೋರೆಂದರೆ ಪ್ರೀತಿ, ಜೊತೆಗೆ ಸ್ವಲ್ಪ ಭಯ. ಯಾಕೆಂದರೆ ಅಕ್ಕೋರಿಗೆ ಶುದ್ಧಪಾಠದ ಹುಚ್ಚು. ಎಂಬತ್ತು ವರ್ಷದ ಒಬ್ಬ ಅಜ್ಜಿಯನ್ನು ಹಾಡಿನ ನಡುವೆ ತಡೆದು ನಿಲ್ಲಿಸಿ, "ನಿನ್ನೆ ಬೆಳ್ಳಿ ಬಟ್ಟಲು ಅಂದೆ, ಇವತ್ತು ಚಿನ್ನದ ಬಟ್ಟಲು ಅಂತೀಯೆ. ಯಾವುದು ಸರಿ?" ಎಂದು ಕೇಳಿದ್ದರಂತೆ. ಅಜ್ಜಿ ಎಲೆಯಡಿಕೆ ಉಗಿದು, "ನಿನ್ನೆ ಬೆಳ್ಳಿ ಇತ್ತು, ಇವತ್ತು ಚಿನ್ನ ಬಂತು. ನಿಮಗೆಂತಕ್ಕೆ ಹೊಟ್ಟೆಕಿಚ್ಚು ಅಕ್ಕೋರೆ?" ಅಂದಳಂತೆ. ಈ ಕತೆಯನ್ನು ಅಕ್ಕೋರೇ ನನಗೆ ಹೇಳಿದ್ದು, ನಗದೆ. ಆ ಅಜ್ಜಿಯ ಹೆಸರಿನಲ್ಲಿ ಬೇರೆಯೇ ಒಂದು ಫೋಲ್ಡರ್ ಇತ್ತು. ಅಜ್ಜಿ ತೀರಿಹೋಗಿ ಆಗಲೇ ಆರು ವರ್ಷವಾಗಿತ್ತು.

ಅಕ್ಕೋರಿಗೆ ಸನ್ಮಾನಗಳಿಗೇನೂ ಕೊರತೆ ಇರಲಿಲ್ಲ. ಶಾಲು ಹೊದಿಸುವವರು, ಹಣ್ಣಿನ ಬುಟ್ಟಿ ಕೊಡುವವರು ವರ್ಷಕ್ಕೆರಡು ಸಲ ಬರುತ್ತಿದ್ದರು. 'ಎಷ್ಟು ಹಾಡಿದೆ?' ಎಂದು ಎಲ್ಲರೂ ಕೇಳುತ್ತಿದ್ದರು. 'ಒಂದು ಹಾಕಿ, ಕೇಳೋಣ' ಅಂದವರನ್ನು ನಾನು ಕಾಣೆ. ಕಂಪ್ಯೂಟರಿನ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಅದು ಬರುವುದಕ್ಕೆ ಇಪ್ಪತ್ತು ನಿಮಿಷ ಬೇಕಲ್ಲ, ಅಷ್ಟು ಪುರುಸೊತ್ತು ಯಾರಿಗಿದೆ? ಹಾಗಾಗಿ ಪೇಪರಿನಲ್ಲಿ ಬಂದ ಎಲ್ಲ ಫೋಟೋದಲ್ಲೂ ಪರದೆ ಕಪ್ಪು.

ಮುಂದೊಂದು ದಿನ ಆ ಅಜ್ಜಿಯ ಮೊಮ್ಮಗಳ ಮದುವೆ ಗೊತ್ತಾಯಿತು. ಹುಡುಗಿ ಅಕ್ಕೋರಿಗೆ ಫೋನು ಮಾಡಿ, ಅಜ್ಜಿಯ ಅರಿಶಿಣದ ಹಾಡು ಬೇಕು, ಕೇಳಿ ಕಲಿತು ತಾನೇ ಹಾಡಬೇಕು ಅಂದಳು. ಅಕ್ಕೋರು ಹಿಗ್ಗಿ ಹೀರೇಕಾಯಾದರು. ಇಷ್ಟು ವರ್ಷದಲ್ಲಿ ಹಾಡನ್ನು ಹಾಡುವುದಕ್ಕಾಗಿ ಕೇಳಿದವಳು ಅವಳೊಬ್ಬಳೇ. ಆದರೆ ಅಷ್ಟರಲ್ಲಿ ಡಿಸ್ಕ್ ಟಿಕ್ ಟಿಕ್ ಅನ್ನತೊಡಗಿತ್ತು. ನಾನು ಹೋಗಿ ಕಿವಿಯಿಟ್ಟು ಕೇಳಿದೆ. ಅಕ್ಕೋರೆ, ಇದು ಇನ್ನು ಹೆಚ್ಚು ದಿನ ಬಾಳುವುದಿಲ್ಲ, ಎಸ್ಸೆಸ್ಡಿ ಅನ್ನುವ ಹೊಸ ಬಗೆಯ ಡಿಸ್ಕು ಹಾಕೋಣ, ಇದ್ದದ್ದನ್ನೆಲ್ಲ ಇದ್ದ ಹಾಗೇ ಅದಕ್ಕೆ ಇಳಿಸಿಕೊಡುತ್ತೇನೆ, ಆಮೇಲೆ ಒತ್ತಿದ ಕೂಡಲೇ ಬರುತ್ತದೆ ಅಂದೆ.

ಅಕ್ಕೋರು ಅಂಗಡಿಗೆ ಬಂದು ಎಸ್ಸೆಸ್ಡಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು.

"ಇಷ್ಟು ಹಗುರ? ಒಳಗೆ ಎಂತ ಇದೆ?"

"ಎಂತದೂ ಇಲ್ಲ. ಖಾಲಿ."

"ಖಾಲಿ ಡಬ್ಬಿ ನಮ್ಮ ಮನೆಯೊಳಗೆ ತರಬೇಡ ತಮಾ."

ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ನೆರೆಮನೆಯಿಂದ ಪಾತ್ರೆ ತಂದರೆ ಬರಿದಾಗಿ ವಾಪಸ್ ಕೊಡುವುದಿಲ್ಲ, ಎರಡು ಮುರುಗಲು ಹಣ್ಣಾದರೂ ಸರಿ, ಒಂದು ಚಿಟಿಕೆ ಸಕ್ಕರೆಯಾದರೂ ಸರಿ, ಹಾಕಿಯೇ ಕೊಡುವುದು. ಹೊಸ ಕೊಡ ಕೂಡ ಒಂದು ಮುಷ್ಟಿ ಅಕ್ಕಿ ಹೊತ್ತುಕೊಂಡೇ ಹೊಸ್ತಿಲು ದಾಟಬೇಕು. ಆದರೆ ಡಿಸ್ಕಿಗೆ? ಅಕ್ಕೋರೆ, ಇದು ಪಾತ್ರೆ ಅಲ್ಲ ಅಂದೆ. "ತುಂಬುವುದು ಅಂದಮೇಲೆ ಪಾತ್ರೆಯೇ. ಎಂತಾರೂ ಹಾಕ್ಕಂಡು ಬಾ" ಅಂದರು. ಅವರೊಡನೆ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ. ಹಾಡಿನ ಮನೆಗೆ ಹೋಗುವ ಡಬ್ಬಿಯಲ್ಲಿ ಹಾಡೇ ಇರಲಿ ಎಂದು ಅಂಗಡಿಯಲ್ಲಿದ್ದ ಸಿನಿಮಾ ಹಾಡುಗಳನ್ನೆಲ್ಲ ಅದಕ್ಕೆ ತುಂಬಿದೆ. ಬುದ್ಧಿವಂತಿಕೆ ಮಾಡಿದೆ ಎಂದು ನನಗೇ ನನ್ನ ಮೇಲೆ ಮೆಚ್ಚುಗೆ ಬಂತು.

ಸಿಪಿಯುವನ್ನು ಮನೆಯಿಂದ ಹೊರಗೆ ಕಳಿಸಲು ಅಕ್ಕೋರು ಒಪ್ಪಲಿಲ್ಲ, ನಾನೇ ಹೋದೆ. ಡಬ್ಬಿ ಬಿಚ್ಚಿ, ಧೂಳು ಊದಿ, ಹೊಸ ಡಿಸ್ಕನ್ನು ಹಳೆಯದರ ಪಕ್ಕದಲ್ಲಿ ಕೂರಿಸಿ, ಕೇಬಲ್ ಸಿಕ್ಕಿಸಿ, ನನ್ನ ಪೆನ್ ಡ್ರೈವಿನಿಂದ ಕಾಪಿ ಮಾಡುವ ಸಾಧನ ತೆರೆದೆ. ಎಲ್ಲಿಂದ ಎಲ್ಲಿಗೆ ಎಂದು ಅದು ಕೇಳಿತು. ಎರಡು ಡಿಸ್ಕೂ ಒಂದೇ ಅಳತೆಯವು. ಇಂಥದನ್ನು ನೂರಾರು ಸಲ ಮಾಡಿದವನು ನಾನು, ಗುರುತು ಸುಲಭ: ಖಾಲಿ ಇರುವುದು ಹೊಸದು, ತುಂಬಿರುವುದು ಹಳೆಯದು. ಒಂದನ್ನು ತೆಗೆದು ನೋಡಿದೆ, ಸಾಲಾಗಿ ಹಾಡುಗಳು. ಸರಿ, ಇದೇ ಅಕ್ಕೋರದು ಎಂದು 'ಎಲ್ಲಿಂದ' ಎನ್ನುವಲ್ಲಿ ಅದನ್ನು ಕೊಟ್ಟೆ. ಇನ್ನೊಂದನ್ನು ತೆಗೆದು ನೋಡುವಷ್ಟು ತಾಳ್ಮೆ ಇರಲಿಲ್ಲ, ಒಳಗಿನಿಂದ ಬನ್ಸ್ ಕರಿಯುವ ಪರಿಮಳ ಬರುತ್ತಿತ್ತು. 'ಅಲ್ಲಿರುವುದೆಲ್ಲ ಅಳಿದುಹೋಗುತ್ತದೆ, ಸರಿಯೇ?' ಎಂದು ಸಾಧನ ಎರಡು ಸಲ ಕೇಳಿತು. ಎರಡು ಸಲವೂ ಸರಿ ಅಂದೆ. ಇಂಥ ಎಚ್ಚರಿಕೆಗಳನ್ನು ಓದದೆ ಒತ್ತುವುದಕ್ಕೇ ನಮ್ಮ ಕಸುಬಿನಲ್ಲಿ ಅನುಭವ ಎಂದು ಹೆಸರು.

ಎರಡು ತಾಸು ಬನ್ಸ್ ತಿಂದೆ, ಚಾ ಕುಡಿದೆ, ಊರಿನವರನ್ನೆಲ್ಲ ಆಡಿಕೊಂಡೆ. ಮುಗಿದ ಮೇಲೆ ಹೊಸ ಡಿಸ್ಕಿನಿಂದ ಚಾಲೂ ಮಾಡಿದರೆ ಕಂಪ್ಯೂಟರ್ ಬರಲಿಲ್ಲ. ಹಳೆಯದರಿಂದ ಮಾಡಿದೆ, ಆಗಲೂ ಬರಲಿಲ್ಲ. ನನ್ನ ಲ್ಯಾಪ್‌ಟಾಪಿಗೆ ಒಂದೊಂದಾಗಿ ಸಿಕ್ಕಿಸಿ ನೋಡಿದೆ. ಎರಡರಲ್ಲೂ ನನ್ನ ಸಿನಿಮಾ ಹಾಡುಗಳು. ಹೊಸದಕ್ಕೆ ನಾನೇ ಹಾಡು ತುಂಬಿದ್ದನ್ನು ಮರೆತು, ಅದನ್ನೇ ಅಕ್ಕೋರದೆಂದು ಹಳೆಯದರ ಮೇಲೆ ಬರೆದಿದ್ದೆ. ಅಳಿಸಿದ್ದನ್ನು ಹೇಗಾದರೂ ತೆಗೆಯಬಹುದು, ಮೇಲೆ ಇನ್ನೊಂದನ್ನು ಬರೆದುಬಿಟ್ಟರೆ ಮುಗಿಯಿತು. ಅಕ್ಕೋರಿಗೆ ಹೇಳುವ ಧೈರ್ಯ ಬರಲಿಲ್ಲ. ಸ್ವಲ್ಪ ಕೆಲಸ ಬಾಕಿ ಇದೆ ಎಂದು ಸುಳ್ಳು ಹೇಳಿ, ಎರಡೂ ಡಿಸ್ಕುಗಳನ್ನು ಚೀಲಕ್ಕೆ ಹಾಕಿಕೊಂಡು ಓಡಿಬಂದೆ.

ಎರಡು ದಿನ ಮಾಡದ ಕಸರತ್ತಿಲ್ಲ. ಸನ್ಮಾನ ಮಾಡಿದವರಿಗೆಲ್ಲ ಫೋನು ಹಚ್ಚಿದೆ. ಎಲ್ಲರಿಗೂ ಅಕ್ಕೋರು ಒಂದೊಂದು ಪೆನ್ ಡ್ರೈವ್ ತುಂಬಿಸಿ ಕೊಟ್ಟಿದ್ದರು, ನನಗೆ ಗೊತ್ತಿತ್ತು. ಒಬ್ಬರು ಎಲ್ಲೋ ಇಟ್ಟಿದ್ದೇನೆ ಅಂದರು. ಒಬ್ಬರು ಮೇಜಿನ ಖಾನೆ ಬದಲಾಯಿತು ಅಂದರು. ಇನ್ನೊಬ್ಬರು ಅದನ್ನು ಅಳಿಸಿ ಮಗಳ ಸೀಮಂತದ ವಿಡಿಯೋ ಹಾಕಿಕೊಂಡಿದ್ದರು, ಹೇಳುವಾಗ ನಾಚಿಕೆಯೂ ಆಗಲಿಲ್ಲ ಮಹಾಶಯರಿಗೆ. ಬೈಯಬೇಕು ಅನಿಸಿತು. ಯಾವ ಬಾಯಲ್ಲಿ ಬೈಯಲಿ?

ಮೂರನೆಯ ದಿನ ಎಸ್ಸೆಸ್ಡಿಗೆ ಕಂಪ್ಯೂಟರ್ ನಡೆಯಲು ಬೇಕಾದದ್ದನ್ನೆಲ್ಲ ಹೊಸದಾಗಿ ಹಾಕಿ, ಅಕ್ಕೋರ ಮನೆಗೆ ಹೋಗಿ ಕೂರಿಸಿದೆ. ಅಕ್ಕೋರು ರೂಢಿಯಂತೆ ಗುಂಡಿ ಒತ್ತಿ ಅಬ್ಬಲಿಗೆ ಗಿಡಕ್ಕೆ ನೀರು ಹಾಕಲು ಹೊರಟರು. ಹೊಸ್ತಿಲು ದಾಟುವುದರೊಳಗೆ ಕಂಪ್ಯೂಟರ್ ಬಂದು ಕೂತಿತ್ತು. ತಿರುಗಿ ನೋಡಿ, ಮಗುವಿನ ಹಾಗೆ ಕೈ ತಟ್ಟಿದರು. ಓಡಿ ಬಂದು ಅಜ್ಜಿಯ ಫೋಲ್ಡರ್ ಹುಡುಕಿದರು. ಹುಡುಕಿದರು, ಹುಡುಕಿದರು. ನಾನು ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ. ಡಬ್ಬಿಗೆ ಸಿನಿಮಾ ಹಾಡು ತುಂಬಿದ್ದು, ಒಂದೇ ಕಡೆ ನೋಡಿ ಒತ್ತಿದ್ದು, ಸುಳ್ಳು ಹೇಳಿ ಓಡಿದ್ದು, ಎಲ್ಲ.

ಬೈಗುಳಕ್ಕೆ ಕಾದೆ. ಬರಲಿಲ್ಲ. ಅಕ್ಕೋರು ಹಾಜರಿ ಪುಸ್ತಕ ತೆಗೆದು ಕನ್ನಡಕ ಏರಿಸಿ ಬರೆದರು: 'ತಡ: ಹನ್ನೆರಡು ಸೆಕೆಂಡು. ಬರುವಾಗ ತಂದದ್ದು: ಎಂತದೂ ಇಲ್ಲ.' ಆಮೇಲೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ, ಅಜ್ಜಿಯ ಅರಿಶಿಣದ ಹಾಡಿನ ಮೊದಲ ಸಾಲು ಹೇಳಿದರು. ಎರಡನೆಯದರ ಅರ್ಧಕ್ಕೆ ನಿಂತರು. ಮತ್ತೆ ಮೊದಲಿನಿಂದ ಶುರು ಮಾಡಿದರು, ಮತ್ತೆ ಅಲ್ಲೇ ನಿಂತರು.

"ನಂಗೆ ಬರೂದಿಲ್ಲ ತಮಾ" ಅಂದರು. "ಮೂವತ್ತು ವರ್ಷ ತಿರುಗಿದೆ, ಒಂದೂ ಕಲೀಲಿಲ್ಲ. ಪೆಟ್ಟಿಗೇಲಿ ಇದೆಯಲ್ಲ ಅಂದ್ಕಂಡೆ."

ನನಗೆ ಅಳು ಬಂತು. ಸುಳ್ಳಲ್ಲ, ಅಲ್ಲೇ ಕೂತು ಅತ್ತೆ. "ಅಳೂದೆಲ್ಲ ಆಮೇಲೆ. ಮದುವೆಗೆ ಇನ್ನು ಐದು ದಿನ ಇದೆ. ನಾಳೆ ಬಸ್ಸಿಗೆ ಬಾ, ಶಿಕ್ಷೆ ಅಂತ ತಿಳ್ಕೋ" ಅಂದರು.

ಮುಟ್ಟಳ್ಳಿಯ ಆ ಅಜ್ಜಿಯ ಮನೆಯಂಗಳದಲ್ಲಿ ಹೆಂಗಸರೆಲ್ಲ ಸೇರಿದ್ದರು. ಅಕ್ಕೋರು ನಡೆದದ್ದನ್ನು ಹೇಳಿದರು, ನನ್ನ ಹೆಸರೆತ್ತಲಿಲ್ಲ, ಮಿಷಿನ್ ಹಾಳಾಯಿತು ಅಂದರು ಅಷ್ಟೇ. ನೀವೆಲ್ಲ ಅಜ್ಜಿಯ ಜೊತೆ ಹಾಡಿದವರು, ಒಂದು ಸಲ ಹೇಳಿ ಅಂದರು. ಅಜ್ಜಿಯ ಸೊಸೆಯೇ ಬಾಯಿಬಿಟ್ಟಳು.

"ನಮಗೆಂತ ಗೊತ್ತಿದೆ ಅಕ್ಕೋರೆ? ಒಂದಕ್ಷರ ತಪ್ಪಿದ್ರೂ ನೀವು ತಡೀತಿದ್ರಿ. ಸರಿಯಾದದ್ದು ಅಕ್ಕೋರ ಪೆಟ್ಟಿಗೇಲಿ ಇದೆ, ನಾವೆಂತಕ್ಕೆ ತಪ್ಪು ಹಾಡೂದು ಅಂತ ಬಿಟ್ಟುಬಿಟ್ವು."

ಅಕ್ಕೋರ ಮುಖ ನೋಡುವುದಕ್ಕಾಗದೆ ನಾನು ಬಾವಿಯ ಕಡೆ ನಡೆದೆ. ನಾನು ಅಳಿಸಿದ್ದು ಎರಡು ತಾಸಿನ ಕೆಲಸವಾಗಿತ್ತು. ಈ ಹೆಂಗಸರ ಬಾಯಿಂದ ಹಾಡು ಹೋಗಲು ಹಿಡಿದದ್ದು ಮೂವತ್ತು ವರ್ಷ.

ಆದರೂ ಮುದುಕಿ ಬಿಡಲಿಲ್ಲ. ಮುದುಕಿ ಎಂದರೆ ಅಕ್ಕೋರೇ. ಮೂರು ದಿನ ಆ ಅಂಗಳದಲ್ಲಿ ಶಾಲೆ ನಡೆಸಿದರು. ತಪ್ಪೋ ಸರಿಯೋ, ಬಂದದ್ದು ಹಾಡಿ, ನಾನು ತಡೆಯೂದಿಲ್ಲ ಅಂದರು. ಒಬ್ಬಳಿಗೆ ಎರಡು ಸಾಲು ನೆನಪಾಯಿತು, ಒಬ್ಬಳಿಗೆ ಧಾಟಿ ಮಾತ್ರ. ಅಜ್ಜಿಯ ತಂಗಿ, ಎಲ್ಲರೂ ಸಣ್ಣಜ್ಜಿ ಅನ್ನುವವಳು, ಹಲ್ಲಿಲ್ಲದ ಬಾಯಲ್ಲಿ ಅರ್ಧ ಹಾಡಿ ಅರ್ಧ ನುಂಗಿದಳು. ಬೆಳ್ಳಿಯೋ ಚಿನ್ನವೋ ಎಂದು ಜಗಳವೂ ಆಯಿತು. ಎರಡೂ ಇರಲಿ ಅಂದವರು ಯಾರು ಗೊತ್ತೇ? ಅಕ್ಕೋರು! ನಾನು ಮೊಬೈಲಿನಲ್ಲಿ ತುಂಬಿಸಿಕೊಳ್ಳಲು ಹೋದರೆ, "ಅದನ್ನ ಚೀಲದಲ್ಲಿ ಇಡು. ಕೂತು ಬಾಯಿಪಾಠ ಮಾಡು" ಎಂದು ಗದರಿದರು. ನನ್ನ ಕಾಗೆಯ ಗಂಟಲಿಗೆ ಮದುಮಗಳು ನಕ್ಕು ಸಾಕಾದಳು.

ಎಲ್ಲ ಕೂಡಿತು, ಒಂದು ಸಾಲು ಬಿಟ್ಟು. ಮಗಳನ್ನು ಕಳಿಸಿಕೊಡುವಾಗ ತಾಯಿ ಹೇಳುವ ಬುದ್ಧಿಮಾತಿನ ಸಾಲು ಅದು, ಹಾಡು ತಿರುಗುವುದೇ ಅಲ್ಲಿ. ಯಾರಿಗೂ ನೆನಪಾಗಲಿಲ್ಲ. ಆ ಜಾಗದಲ್ಲಿ ಧಾಟಿಯನ್ನಷ್ಟೇ ಗುನುಗುವುದು ಎಂದು ಗೊತ್ತಾಯಿತು.

ಮದುವೆಯ ಹಿಂದಿನ ಬೆಳಿಗ್ಗೆ ಅರಿಶಿಣ ಅರೆಯುವ ಕಲ್ಲಿನ ಸುತ್ತ ಹೆಂಗಸರು ಕೂತರು, ಮದುಮಗಳು ಮೊದಲ ದನಿ ತೆಗೆದಳು. ಆ ಖಾಲಿ ಜಾಗ ಬಂತು. ಎಲ್ಲರ ಬಾಯಿ ಮುಚ್ಚಿ, ಗುನುಗು ಮಾತ್ರ ಉಳಿಯಿತು. ಆಗ ಕಂಬಕ್ಕೆ ಒರಗಿ ಕೂತಿದ್ದ ಅಕ್ಕೋರು, ಜನ್ಮದಲ್ಲಿ ನಾಲ್ವರ ಎದುರು ಹಾಡದವರು, ಹಾಡಿದರು:

"ಕೇಳಿದ್ದಕ್ಕೆ ಉತ್ತರ ಹೇಳೇ, ಕೇಳದ್ದಕ್ಕೆ ನಗೆಯಾಡೇ."

ಸಣ್ಣಜ್ಜಿಯ ಕೈ ಕಲ್ಲಿನ ಮೇಲೆ ನಿಂತಿತು. ಅಕ್ಕೋರನ್ನು ದಿಟ್ಟಿಸಿ ನೋಡಿದಳು. "ಹೌದು, ಅದೇ ಅದು!" ಅಂದಳು. ಹೆಂಗಸರೆಲ್ಲ ಆ ಸಾಲನ್ನು ಎತ್ತಿಕೊಂಡರು. ಮದುಮಗಳು ಅಳುತ್ತ ಹಾಡಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಸಂಭ್ರಮವೋ ಸಂಭ್ರಮ. ಅಂತೂ ನೆನಪಾಯಿತಲ್ಲ ಅಕ್ಕೋರೆ ಅಂದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ನೆನಪಾಗಿದ್ದಲ್ಲ ತಮಾ. ಅದು ನಾ ಕಟ್ಟಿದ್ದು."

ಯೋಚಿಸಿದರೆ ಹೌದಲ್ಲ, ಅದು ಮಾಸ್ತರಿಕೆಯ ಸಾಲೇ. ಪರೀಕ್ಷೆಗೆ ಹೋಗುವ ಮಕ್ಕಳಿಗೆ ಹೇಳುವ ಮಾತು. ಒಂದಕ್ಷರ ಆಚೀಚೆ ಆದರೆ ಎಂಬತ್ತರ ಅಜ್ಜಿಯನ್ನು ತಡೆದ ಅಕ್ಕೋರು, ಇಡೀ ಒಂದು ಸಾಲನ್ನೇ ನಕಲಿ ಮಾಡಿ ಸೇರಿಸಿದ್ದರು!

"ನಾ ಬದುಕಿರೂ ತನಕ ಯಾರ ಹತ್ರವೂ ಹೇಳಬೇಡ. ಸತ್ತ ಮೇಲೆ ಬೇಕಾರೆ ಹೇಳು" ಎಂದರು. ತುಟಿಯ ಮೂಲೆಯಲ್ಲಿ ಸಣ್ಣ ನಗು ಇತ್ತು. ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ನಾಲ್ಕು ವರ್ಷ ಬದುಕಿದರು. ಪ್ರತಿ ತಿಂಗಳು ಮುಟ್ಟಳ್ಳಿಗೆ ಹೋಗಿ ಹೆಂಗಸರ ಜೊತೆ ಕೂತು ಹಾಡುತ್ತಿದ್ದರು, ತಪ್ಪುತಪ್ಪಾಗಿ, ದೊಡ್ಡ ದನಿಯಲ್ಲಿ. ಕಂಪ್ಯೂಟರಿನಲ್ಲಿ ಲೈಟ್ ಬಿಲ್ ಕಟ್ಟುತ್ತಿದ್ದರು. ಆ ಸಾಲು ಮಾತ್ರ ಮುಟ್ಟಳ್ಳಿಯಿಂದ ಹೊರಟು ನಮ್ಮ ಹೊನ್ನಾವರದ ಮದುವೆಗಳಿಗೂ ಬಂತು. ಕುಮಟೆಯ ಕಡೆಯೂ ಹಾಡುತ್ತಾರಂತೆ.

ಹೋದ ವಾರ ಕುಮಟೆಯ ಪಂಡಿತರೊಬ್ಬರು ಅಂಗಡಿಗೆ ಬಂದರು. ಅಕ್ಕೋರ ನೆನಪಿನ ಪುಸ್ತಕ ತರುತ್ತಾರಂತೆ, ಫ್ಲೆಕ್ಸಿನಲ್ಲಿ ಇವರದೂ ಫೋಟೋ ಇತ್ತು. ಆ ಸಾಲು ಎಷ್ಟೋ ತಲೆಮಾರಿನ ಹಿಂದಿನದು, ನಗುವನ್ನೇ ಆಯುಧ ಮಾಡಿಕೊಂಡ ಹೆಣ್ಣಿನ ದನಿ ಅದು ಎಂದು ಮುಕ್ಕಾಲು ಗಂಟೆ ಕೊರೆದರು. ನನಗೆ ತಡೆಯಲಾಗಲಿಲ್ಲ. ಅಕ್ಕೋರೂ ಹೋದರು, ಮಾತೂ ಮುಗಿಯಿತು ಎಂದುಕೊಂಡು, ಅದು ಅಕ್ಕೋರು ನಿಂತ ನಿಲುವಿನಲ್ಲಿ ಕಟ್ಟಿದ್ದು ಸರ್, ಬಸ್ಸಿನಲ್ಲಿ ಅವರೇ ನನಗೆ ಹೇಳಿದ್ದು ಅಂದುಬಿಟ್ಟೆ.

ಪಂಡಿತರು ನಕ್ಕು ತಮ್ಮ ಮೊಬೈಲಿನಲ್ಲಿ ಒಂದು ದನಿ ಹಾಕಿದರು. ಆ ಮದುಮಗಳದು. ಹಿನ್ನೆಲೆಯಲ್ಲಿ ಅವಳ ಮಗು ಅಳುತ್ತಿತ್ತು.

"ಸಣ್ಣಕಿದ್ದಾಗ ಅಜ್ಜಿ ನನ್ನ ತೊಡೆ ಮೇಲೆ ಕೂರಿಸ್ಕಂಡು ಇದೇ ಸಾಲು ಹೇಳ್ತಿತ್ತು. ಮದುವೆ ಹೊತ್ತಲ್ಲಿ ನಂಗೆ ಮರ್ತೇ ಹೋಗಿತ್ತು. ಅಕ್ಕೋರು ಹಾಡಿದ ಕೂಡ್ಲೆ ನೆನಪಾತು. ಅದಕ್ಕೇ ಅಲ್ದನಾ ಅಳು ಬಂದಿದ್ದು."

ಅಕ್ಕೋರು ನಿಜವಾಗಿ ಕಟ್ಟಿದ್ದೋ, ಅಥವಾ ಅಷ್ಟು ವರ್ಷ ಕಿವಿಗೆ ಬಿದ್ದದ್ದೇ ಒಳಗಿನಿಂದ ಎದ್ದುಬಂದು, ತಾನು ಕಟ್ಟಿದೆ ಎಂದು ಅವರಿಗೆ ಅನಿಸಿತ್ತೋ? ತನಗೆ ಒಂದೂ ಬರುವುದಿಲ್ಲ ಎಂದುಕೊಂಡೇ ಅವರು ಹೋಗಿಬಿಟ್ಟರೋ? ಅಥವಾ ಈ ಹುಡುಗಿಯೇ ಪ್ರೀತಿಯಿಂದ ಹಾಗೆ ನಂಬಿಕೊಂಡಿದ್ದಾಳೋ? ಒಂದು ಸಲ ಹಾಕಿ ಕೇಳಿದ್ದರೆ ಗೊತ್ತಾಗುತ್ತಿತ್ತು. ಅಜ್ಜಿ ಆ ಹಾಡನ್ನು ತನ್ನ ಬಾಯಾರೆ ಹಾಡಿದ್ದು ನಾನು ಅಳಿಸಿದ ಆ ಡಿಸ್ಕಿನಲ್ಲಿ ಇತ್ತು.

"ಅಕ್ಕೋರು ಹೀಗಂದರು ಅಂತ ನೀವು ಹೇಳ್ತೀರಿ, ಮೊಮ್ಮಗಳು ಹಾಗನ್ನುತ್ತಾಳೆ" ಎಂದು ಪಂಡಿತರು ಪೆನ್ನು ತೆರೆದು ಹಿಡಿದರು. "ನಾನು ಯಾರ ಮಾತು ನಂಬಲಿ, ಹೇಳಿ?"

"ನನ್ನದೊಂದು ಬಿಟ್ಟು ಯಾರದಾದರೂ ನಂಬಿ ಸರ್" ಅಂದೆ.